70–300 ಲೆನ್ಸು, ಏಳು ವರ್ಷದ ಬಳಿಕ: ಎಲ್ಲ ಸರಿ, ಆ ಸ್ವಿಚ್ಚೊಂದು ಬಿಟ್ಟು

ರೈಲಿನ ಫೋಟೋ ತೆಗೆಯುವ ಹುಚ್ಚು ನನಗೆ ಹತ್ತಿದ್ದು ಅಮರಗೋಳದಲ್ಲಿ. ಎಪಿಎಂಸಿ ಯಾರ್ಡಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಮಧ್ಯಾಹ್ನ ಊಟದ ಹೊತ್ತಿಗೆ ಧಾರವಾಡ ಕಡೆಯಿಂದ ಗೂಡ್ಸ್ ಗಾಡಿ ಬರುವ ಸದ್ದು ಕೇಳಿದರೆ ಡಬ್ಬಿ ಮುಚ್ಚಿ ಎದ್ದು ಹೋಗುತ್ತಿದ್ದೆ. ಮೊದಮೊದಲು ಮೊಬೈಲಿನಲ್ಲೇ ತೆಗೆದೆ. ಎಷ್ಟು ತೆಗೆದರೂ ಎಂಜಿನ್ ಒಂದು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಆಮೇಲೆ ಲೆನ್ಸು ಬದಲಿಸಬಹುದಾದ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಬಾಡಿ ಒಂದನ್ನು ತೆಗೆದುಕೊಂಡೆ. ಅದಕ್ಕೆ ಜೋಡಿಯಾಗಿ ಸೆಕೆಂಡ್ ಹ್ಯಾಂಡಿನಲ್ಲಿ ₹9,000 ಕೊಟ್ಟು ದೂರದ್ದನ್ನು ಹತ್ತಿರ ತೋರಿಸುವ ಈ 70–300 ಎಂಎಂ ಜೂಮ್ ಲೆನ್ಸು ಬಂತು. ಆಗ ನನ್ನ ಪಗಾರದ ಅರ್ಧಕ್ಕಿಂತ ಹೆಚ್ಚು ಅದು.

ಲೆನ್ಸಿನ ಅಂಕಿಅಂಶ ಎಲ್ಲ ಕಡೆ ಸಿಗುತ್ತವೆ. ನಾನು ಬರೆಯುವುದು ಅದರ ಜೊತೆ ಕಳೆದ ಭಾನುವಾರಗಳ ಬಗ್ಗೆ.

ಭಾನುವಾರ ನಸುಕಿನ ಐದಕ್ಕೆ ಏಳುತ್ತೇನೆ. ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಂದಿದೆ. ಅವ್ವ ಸಂಡಿಗಿ ಇಡಲು ತಂದಿದ್ದ ಡಬ್ಬಿ, ಈಗ ಲೆನ್ಸಿನ ಮನೆ. ಧಾರವಾಡ ಸೀಮೆಯ ಜಿಟಿಜಿಟಿ ಮಳೆ ಎರಡು ವಾರ ಹಿಡಿದರೆ ಕಪಾಟಿನ ಬಟ್ಟೆಗೇ ಬೂಸು ಬರುತ್ತದೆ, ಗಾಜು ಬಿಟ್ಟೀತೇ? ಗಾಜಿನೊಳಗೆ ಜೇಡರ ಬಲೆಯಂತೆ ಫಂಗಸ್ ಹಬ್ಬಿದರೆ ಆ ಲೆನ್ಸಿನ ಕಥೆ ಮುಗಿದಂತೆ. ಅದಕ್ಕೇ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡುತ್ತೇನೆ. ನೀಲಿ ಹರಳು ತೇವ ಕುಡಿದು ಗುಲಾಬಿಗೆ ತಿರುಗುತ್ತದೆ. ಆಗ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಮೊದಲ ಸಲ ಮಾಡಲು ಹೋದಾಗ ಅವ್ವ ಕೈ ಹಿಡಿದು ನಿಲ್ಲಿಸಿದಳು. "ರೊಟ್ಟಿ ಹಂಚು ಮುಟ್ಟಿದಿ ಅಂದ್ರ ನೋಡ್ ಮತ್ತ! ಹಳೀದೊಂದು ಐತಿ, ಕೊಡ್ತೇನಿ ತಡಿ." ಆಕೆ ಹೇಳಿದ್ದು ಸರಿ. ಆ ನೀಲಿ ಬಣ್ಣ ಕೋಬಾಲ್ಟಿನದು, ಉಣ್ಣುವ ಪಾತ್ರೆಯ ಹತ್ತಿರ ಅದು ಸುಳಿಯಬಾರದು. ಏಳು ಮಳೆಗಾಲ ಕಳೆದವು, ಗಾಜು ಇನ್ನೂ ಸ್ವಚ್ಛವಿದೆ.

ಮಳೆ ಮುಗಿದ ಮೇಲೆ ಧೂಳಿನ ಕಾಲ. ಗದಗ ದಾರಿಯ ಎರೆಮಣ್ಣು ಹಿಟ್ಟಿನಷ್ಟು ನುಣುಪು, ಜೂಮ್ ರಿಂಗಿನ ಗೀರುಗಳಲ್ಲಿ ಹೋಗಿ ಕೂತುಬಿಡುತ್ತದೆ. ಬಟ್ಟೆಯಿಂದ ಒರೆಸಿದರೆ ಇನ್ನೂ ಒಳಗೆ ಹೋಗುತ್ತದೆ. ಅಪ್ಪ ಬಳಸದೆ ಬಿಟ್ಟ ಶೇವಿಂಗ್ ಬ್ರಷ್ಷಿನಿಂದ ಗೀರು ಗೀರು ಸವರಿ, ಲೆನ್ಸನ್ನು ತಲೆಕೆಳಗು ಹಿಡಿದು ಊದುಬುರುಡೆಯಿಂದ ಗಾಳಿ ಬಿಡುತ್ತೇನೆ. ಹತ್ತು ನಿಮಿಷದ ಕೆಲಸ, ಒಂದು ವಾರವೂ ತಪ್ಪಿಸಿಲ್ಲ.

ಹುಬ್ಬಳ್ಳಿಯಿಂದ ಗದಗಿಗೆ ಹಳಿ ಹೆಚ್ಚುಕಡಿಮೆ ಪಡುವಣದಿಂದ ಮೂಡಣಕ್ಕೆ ಹೋಗುತ್ತದೆ. ಹೀಗಾಗಿ ಬೆಳಿಗ್ಗೆ ಗದಗ ಕಡೆ ಹೋಗುವ ಗಾಡಿಯ ಮುಖಕ್ಕೆ ಬಿಸಿಲು, ಸಂಜೆ ಹುಬ್ಬಳ್ಳಿ ಕಡೆ ಬರುವ ಗಾಡಿಗೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ಹಳಿಯ ದಕ್ಷಿಣ ಮಗ್ಗಲಲ್ಲೇ ನಿಲ್ಲಬೇಕು. ಕುಸುಗಲ್ಲು, ಹೆಬಸೂರು, ಅಣ್ಣಿಗೇರಿ, ಹುಲಕೋಟಿ: ಎಲ್ಲಿ ಬೈಕು ನಿಲ್ಲಿಸಿದರೂ ಬಯಲು. ದೂರದಿಂದ ಬರುವ ಗಾಡಿಯ ದೀಪ ಮೊದಲು ಕಾಣುತ್ತದೆ, ಸದ್ದು ಎಷ್ಟೋ ಹೊತ್ತಿನ ಮೇಲೆ ಬರುತ್ತದೆ. ಇಂಥ ಬಯಲಿಗೆ 300ರ, ಅಂದರೆ ಪೂರ್ತಿ ಜೂಮಿನ, ಉದ್ದ ಹೇಳಿ ಮಾಡಿಸಿದಂತಿದೆ. ಹೊಲದ ಬದುವಿನ ಮೇಲೆ, ರೈಲ್ವೆ ಹದ್ದಿನ ಹೊರಗೆ ನಿಂತೇ ಎಂಜಿನ್ನಿನ ನಂಬರು ಓದುವಂತೆ ತೆಗೆಯಬಹುದು. ಹಳಿಗೆ ಇಳಿಯುವ ಮಾತೇ ಬೇಡ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಅದಕ್ಕೆ ಆರು ತಿಂಗಳವರೆಗೆ ಜೈಲು ಇದೆ. ಅದಕ್ಕಿಂತ ದೊಡ್ಡದು ಜೀವ.

ಬೇಸಿಗೆಯಲ್ಲಿ ಮಾತ್ರ ಒಂಬತ್ತರ ಮೇಲೆ ಚೀಲ ಕಟ್ಟಿಬಿಡಿ. ಎರೆಹೊಲದಿಂದ ಝಳ ಏಳಲು ಶುರುವಾದರೆ 300ರಲ್ಲಿ ತೆಗೆದ ಎಂಜಿನ್ ನೀರಿನೊಳಗೆ ನಿಂತಂತೆ ಅಲುಗಾಡುತ್ತದೆ. ಅದು ಲೆನ್ಸಿನ ತಪ್ಪಲ್ಲ, ಎಷ್ಟು ಲಕ್ಷದ ಗಾಜು ತಂದರೂ ಅಷ್ಟೇ.

ಸ್ಟೇಷನ್ನಿನಲ್ಲೂ ಇದನ್ನು ಬಳಸಿದ್ದೇನೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಆ 1507 ಮೀಟರಿನ ಪ್ಲಾಟ್‌ಫಾರ್ಮ್ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೀಟು ತೆಗೆದು, ಮಾಸ್ತರರನ್ನು ಕೇಳಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆ. 24 ಬೋಗಿಯ ಎರಡು ಗಾಡಿ ಒಂದರ ಹಿಂದೊಂದು ನಿಂತರೂ ಜಾಗ ಉಳಿಯುತ್ತದೆ. ಆ ಉದ್ದವನ್ನು 300ರಲ್ಲಿ ನೋಡಿದರೆ ಕಂಬ, ಬೆಂಚು, ದೀಪ, ಮಂದಿ ಎಲ್ಲ ಒಂದರ ಬೆನ್ನಿಗೆ ಒಂದು ಒತ್ತಿ ನಿಂತಂತೆ ಬರುತ್ತದೆ. ಅಲ್ಲಿನ ಎಲ್‌ಇಡಿ ಬೋರ್ಡನ್ನು ಸೆಕೆಂಡಿನ 1/500ರ ಶಟರ್ ವೇಗದಲ್ಲಿ ತೆಗೆದರೆ ಅಕ್ಷರ ಅರ್ಧಂಬರ್ಧ ಬರುತ್ತವೆ. 1/100ಕ್ಕೆ ಇಳಿಸಿ, ಊರಿನ ಹೆಸರು ಇಡಿಯಾಗಿ ಮೂಡುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಈ ಲೆನ್ಸಿಗೆ ಐದಕ್ಕೆ ಐದು ಕೊಡುತ್ತಿದ್ದೆ.

ಲೆನ್ಸಿನ ಎಡ ಮಗ್ಗಲಲ್ಲಿ ಉಗುರಿನಷ್ಟು ಸ್ವಿಚ್ಚಿದೆ. ಮೇಲೆ ಎಎಫ್, ಅಂದರೆ ಕ್ಯಾಮೆರಾ ತಾನೇ ಫೋಕಸ್ ಹಿಡಿಯುವುದು; ಕೆಳಗೆ ಎಂಎಫ್, ಅಂದರೆ ನಾವು ಕೈಯಿಂದ ಹಿಡಿಯುವುದು. ಸಂಜೆ ಬೆಳಕು ಇಳಿದಾಗ ಎದುರಿನಿಂದ ಬರುವ ಎಂಜಿನ್ನಿನ ದೀಪ ಕಣ್ಣಿಗೆ ಹೊಡೆದು ಆಟೋ ಫೋಕಸ್ ತಡಕಾಡುತ್ತದೆ. 300ರಲ್ಲಿ ಲೆನ್ಸಿನ ಕಂಡಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದೂ ಇಲ್ಲ, ಒಳಗೆ ಬರುವ ಬೆಳಕು ಕಡಿಮೆ. ಅದಕ್ಕೇ ನಾವು ಗಾಡಿ ಬರುವ ಮೊದಲೇ ಹಳಿಯ ಅಡಿ ಅಡ್ಡಕ್ಕೆ ಹಾಸಿದ ಒಂದು ಸ್ಲೀಪರಿನ ಮೇಲೆ ಫೋಕಸ್ ಕೂರಿಸಿ, ಸ್ವಿಚ್ಚನ್ನು ಎಂಎಫ್‌ಗೆ ತಳ್ಳಿ ಕಾಯುತ್ತೇವೆ. ಎಂಜಿನ್ನಿನ ಮೂತಿ ಆ ಸ್ಲೀಪರಿಗೆ ಬಂತೋ, ಒತ್ತುವುದು.

ಗದಗ ದಾರಿಯಲ್ಲಿ ವಿದ್ಯುತ್ ಕಂಬ ನಿಂತು ಇನ್ನೂ ತಂತಿ ಬಂದಿರಲಿಲ್ಲ, ಅಂಥ ಒಂದು ಚಳಿಗಾಲದ ಸಂಜೆ. ಅಣ್ಣಿಗೇರಿ ದಾಟಿ ಹುಲಕೋಟಿ ಕಡೆ, ಬಿಳಿಜೋಳ ಎದೆಮಟ್ಟ ಬಂದಿದ್ದ ಹೊಲದ ಬದುವಿನ ಮೇಲಿದ್ದೆ. ತೋರಣಗಲ್ಲಿನಲ್ಲಿ ಕಲ್ಲಿದ್ದಲು ಇಳಿಸಿ ಗೋವಾ ಬಂದರಿಗೆ ಮರಳುವ ಖಾಲಿ ಗೂಡ್ಸ್. ಮುಂದೆ ಜೋಡಿ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್, ಹುಬ್ಬಳ್ಳಿ ಶೆಡ್ಡಿನವು. ಹದಿನಾರು ಸಿಲಿಂಡರಿನ ಆ ಎಂಜಿನ್ನಿನ ಗುಡುಗು ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ. ಹೊತ್ತು ಮುಳುಗಿ ಐದು ನಿಮಿಷ, ಪಡುವಣದ ಕೆಂಪು ನೇರ ಎಂಜಿನ್ನಿನ ಮುಖಕ್ಕೆ. ಮೂರು ವಾರದಿಂದ ಇದೇ ಬೆಳಕಿಗೆ ಕಾದಿದ್ದೆ. ಬಂತು, ಒತ್ತಿದೆ. ಶಟರ್ ಬೀಳಲಿಲ್ಲ. ಲೆನ್ಸು ಝರ್ರೆಂದು ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ. ಗಂಟೆಗೆ 60 ಕಿಲೋಮೀಟರ್ ಓಡುವ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮೂರು ಸೆಕೆಂಡಿನಲ್ಲಿ ಎರಡೂ ಎಂಜಿನ್ ನನ್ನನ್ನು ದಾಟಿ ಹೋದವು. ನೋಡಿದರೆ ಸ್ವಿಚ್ಚು ಎಎಫ್‌ನಲ್ಲಿತ್ತು. ಕಾಯುವಾಗ ಸ್ವೆಟರಿಗೆ ಉಜ್ಜಿ ತಾನಾಗಿಯೇ ಸರಿದಿತ್ತು.

ಬದುವಿನ ಆ ಕಡೆ ಕುರಿ ಮೇಯಿಸುತ್ತಿದ್ದ ಅಜ್ಜ ಕೇಳಿದ: "ಏನಾತೋ ತಮ್ಮಾ, ಸಿಕ್ಕತೇನು?"

"ಇಲ್ರಿ ಅಜ್ಜಾರ."

"ಇರಲೇಳು, ನಾಳಿ ಮತ್ತ ಬರತೈತಿ."

ನಾಳೆ ಗಾಡಿ ಬಂದೇ ಬಂತು. ತಂತಿಯೂ ಬಂತು. ಹೊಸಪೇಟೆಯಿಂದ ಹುಬ್ಬಳ್ಳಿ ಮೇಲೆ ತಿನೈಘಾಟದವರೆಗಿನ ವಿದ್ಯುದೀಕರಣವನ್ನು 2023ರ ಮಾರ್ಚಿನಲ್ಲಿ ಲೋಕಾರ್ಪಣೆ ಮಾಡಿದರು. ವಿದ್ಯುತ್ ಎಂಜಿನ್ನು ಬಂದದ್ದು ಒಳ್ಳೆಯದೇ, ಹೊಗೆಯಿಲ್ಲ, ಎಣ್ಣೆಯ ಖರ್ಚಿಲ್ಲ. ಆದರೆ ತಂತಿಯಿಲ್ಲದ ಆಕಾಶದ ಕೆಳಗೆ ಜೋಡಿ ಡೀಸೆಲ್ ಆ ಬೆಳಕಿನಲ್ಲಿ ನನಗೆ ಮತ್ತೆ ಸಿಗಲಿಲ್ಲ.

ಮರುವಾರವೇ ಲೆನ್ಸನ್ನು ರಿಪೇರಿಗೆ ಕೊಟ್ಟೆ. ₹3,500 ಆಗುತ್ತದೆ ಎಂದರು, ಒಪ್ಪಿದೆ. ಹದಿನೆಂಟು ದಿನ ಇಟ್ಟುಕೊಂಡು, ಆ ಬಿಡಿಭಾಗ ಬರುವುದಿಲ್ಲ ಎಂದು ಹಾಗೇ ಮರಳಿಸಿದರು. ಮೂರು ಭಾನುವಾರ ಹೋದವು. ಇಷ್ಟು ಒಳ್ಳೆಯ ಗಾಜಿಗೆ ಇಂಥ ಸಡಿಲ ಸ್ವಿಚ್ಚು ಕೂರಿಸಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಓಣಿಯ ಎಲೆಕ್ಟ್ರಿಷಿಯನ್. ವೈರಿಗೆ ಸುತ್ತುವ ಕರಿ ಟೇಪನ್ನು ಹೆಬ್ಬೆರಳಗಲ ಕತ್ತರಿಸಿ, ತುದಿಯೊಂದನ್ನು ಒಳಕ್ಕೆ ಮಡಚಿ ಅಂಟಿಸಿಕೊಟ್ಟ. ಮಡಚಿದ ತುದಿ ಹಿಡಿದು ಎತ್ತಿದರೆ ಸ್ವಿಚ್ಚು ಸಿಗುತ್ತದೆ, ಮತ್ತೆ ಒತ್ತಿದರೆ ಭದ್ರ. ಬೇಸಿಗೆಯಲ್ಲಿ ಅಂಟು ಕರಗಿ ಬೆರಳಿಗೆ ಹತ್ತುತ್ತದೆ, ಅದಕ್ಕೇ ಯುಗಾದಿ ಆದಮೇಲೆ ತಿಂಗಳಿಗೊಮ್ಮೆ ಬದಲಿಸುತ್ತೇನೆ. ಟೇಪು ಹಚ್ಚಿದ ದಿನದಿಂದ ಸ್ವಿಚ್ಚು ಒಮ್ಮೆಯೂ ಸರಿದಿಲ್ಲ.

ತೆಗೆದುಕೊಳ್ಳಬೇಕೇ ಎಂದು ಕೇಳುವವರಿಗೆ: ಹತ್ತು ಸಾವಿರದೊಳಗೆ ರೈಲಿನ ಫೋಟೋಕ್ಕೆ ಬೇರೆ ಏನೂ ಬೇಡ, ಇದೇ ಸಾಕು. ಹಳೆಯದನ್ನು ಕೊಳ್ಳುವವರು ಗಾಜನ್ನು ಟಾರ್ಚ್ ಬಿಟ್ಟು ನೋಡುತ್ತಾರೆ, ನೋಡಲೇಬೇಕು. ಅದರ ಜೊತೆ ಲೆನ್ಸಿನ ಎಡ ಮಗ್ಗಲನ್ನು ನಿಮ್ಮ ಅಂಗಿಯ ತೋಳಿಗೆ ನಾಲ್ಕು ಸಲ ಉಜ್ಜಿ. ಸ್ವಿಚ್ಚು ಸರಿದರೆ ಐದುನೂರು ಕಡಿಮೆ ಮಾಡಿ ಎಂದು ಕೇಳಿ, ಬರುವಾಗ ದಾರಿಯಲ್ಲಿ ಒಂದು ಕರಿ ಟೇಪು ತೆಗೆದುಕೊಂಡು ಬನ್ನಿ.