ಮಂಗಳದ ನೆಲವೋ, ಶುಕ್ರದ ಮೋಡವೋ?

ಭೂಮಿಯಾಚೆ ಮನುಷ್ಯ ನೆಲೆಸುವುದಾದರೆ ಮಂಗಳ ಗ್ರಹದ ನೆಲ ವಾಸಿಯೋ, ಶುಕ್ರ ಗ್ರಹದ ಮೋಡ ವಾಸಿಯೋ? ಮನೆ ಕಟ್ಟುವವರು ಮೊದಲು ನೀರು ನೋಡುತ್ತಾರೆ. ಆ ಲೆಕ್ಕದಲ್ಲಿ ಮಂಗಳವೇ ಮುಂದೆ: 2008ರಲ್ಲಿ ಫೀನಿಕ್ಸ್ ನೌಕೆ ನೆಲ ಕೆದಕಿದಾಗ ಮಂಜುಗಡ್ಡೆ ಕಂಡಿತು. ಅಲ್ಲಿನ ಗಾಳಿಯಿಂದ ಆಮ್ಲಜನಕ ತೆಗೆಯಬಹುದೆಂದು ಪರ್ಸಿವಿಯರೆನ್ಸ್ ರೋವರ್ 2021ರಲ್ಲಿ ತೋರಿಸಿತು. ಆದರೆ ವಾಯುಒತ್ತಡ ಭೂಮಿಯ ಶೇ. 1ಕ್ಕಿಂತ ಕಡಿಮೆ, ಗುರುತ್ವ ಶೇ. 38. ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ವಿಷಕಾರಿ ಲವಣ ಬೇರೆ.

ಶುಕ್ರದ ನೆಲ ಸುಮಾರು 460 ಡಿಗ್ರಿಯ ಕುಲುಮೆ, ಅದನ್ನು ಮರೆತುಬಿಡಿ. 50 ಕಿ.ಮೀ. ಮೇಲೆ ಹೋದರೆ ಒತ್ತಡ ಭೂಮಿಯಷ್ಟೇ, ಗುರುತ್ವ ಶೇ. 90. ಶುಕ್ರದ ಗಾಳಿ ನಮ್ಮ ಗಾಳಿಗಿಂತ ಭಾರ, ಹಾಗಾಗಿ ನಾವು ಉಸಿರಾಡುವ ಗಾಳಿಯನ್ನೇ ತುಂಬಿದರೂ ಬಲೂನು ಅಲ್ಲಿ ತೇಲುತ್ತದೆ! 1985ರಲ್ಲಿ ಸೋವಿಯತ್ ವೇಗಾ ಬಲೂನುಗಳು ಸುಮಾರು ಎರಡು ದಿನ ತೇಲಿದ್ದವು. ಸುತ್ತ ಮಾತ್ರ ಸಲ್ಫ್ಯೂರಿಕ್ ಆಮ್ಲದ ಮೋಡ.

ನನ್ನ ಮತ ಮಂಗಳಕ್ಕೆ. ಅಲ್ಲಿ ಮನೆಯ ಮೇಲೆ ಮಣ್ಣು ಹೊದಿಸಿ ವಿಕಿರಣ ತಡೆಯಬಹುದು; ಶುಕ್ರದ ಮೋಡದಲ್ಲಿ ಒಂದು ಹಿಡಿ ಮಣ್ಣೂ ಸಿಗದು.