ಸ್ಟಾರ್ಟರ್ ಕ್ಲಚ್ ಜಾರುತ್ತಿದೆಯಾ? ಆರ್ಮೇಚರ್ ರಿವೈಂಡ್ ಅಂದ್ರೆ ಒಪ್ಪಬೇಡಿ!

ಆನೇಕಲ್, ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆ ಹಳೇ ಟ್ರಾಕ್ಟರ್ ಇರೋರು, ಸ್ಟಾರ್ಟರ್ (ಎಂಜಿನ್ ಚಾಲೂ ಮಾಡೋ ಮೋಟರ್) ಬಿಚ್ಚಿ ಬೆಂಗಳೂರಿಗೆ ತರುವ ಮೊದಲೇ ಇದನ್ನು ಓದಿ. ಬರೀ ಸ್ಟಾರ್ಟರಿನ ಕ್ಲಚ್ ಬದಲಾಯಿಸಬೇಕಾಗಿದ್ದ ಕೆಲಸಕ್ಕೆ, ಆರ್ಮೇಚರ್ (ಮೋಟರಿನೊಳಗೆ ತಿರುಗೋ, ತಂತಿ ಸುತ್ತಿದ ಭಾಗ) ರಿವೈಂಡ್, ಅಂದ್ರೆ ತಂತಿ ಹೊಸದಾಗಿ ಸುತ್ತೋದು ಅಂತ ನನ್ನ 4,200 ರೂಪಾಯಿ ಹೋಯಿತು. ಕ್ಲಚ್ ಮಾತ್ರ ಹಳೇದೇ ವಾಪಸ್ ಬಂತು.

ಗಾಡಿ ಮೂರು ಸಿಲಿಂಡರಿನದು. ಕೀ ತಿರುಗಿಸಿದರೆ ಸೊಲೆನಾಯ್ಡ್ (ಸ್ಟಾರ್ಟರಿನ ಮೇಲಿರೋ ಸ್ವಿಚ್) ‘ಟಕ್’ ಅನ್ನುತ್ತೆ, ಮೋಟರ್ ‘ಗುಂಯ್’ ಅಂತ ಜೋರಾಗಿ ಸುತ್ತುತ್ತೆ, ಎಂಜಿನ್ ಫ್ಯಾನ್ ಮಾತ್ರ ಅಲ್ಲಾಡಲ್ಲ. ಐದಾರು ಸಲಕ್ಕೆ ಒಮ್ಮೆ ಹಿಡಿಯುತ್ತೆ. ಇದು ಬೆಂಡಿಕ್ಸ್‌ನ ಒನ್‌ವೇ ಕ್ಲಚ್ ಜಾರುವ ಲಕ್ಷಣ. ಬೆಂಡಿಕ್ಸ್ ಅಂದ್ರೆ ಪಿನಿಯನ್ ಅನ್ನೋ ಚಿಕ್ಕ ಗೇರು, ಒಂದೇ ದಿಕ್ಕಿಗೆ ಕಚ್ಚೋ ಈ ಕ್ಲಚ್ ಎರಡೂ ಸೇರಿದ ಪಾರ್ಟ್. ಪಿನಿಯನ್ ರಿಂಗ್ ಗೇರಿಗೆ (ಎಂಜಿನ್ನಿನ ಫ್ಲೈವೀಲ್ ಸುತ್ತ ಇರೋ ಹಲ್ಲಿನ ಬಳೆ) ಕೂರದಿದ್ದರೆ ಹಲ್ಲು ಉಜ್ಜುವ ‘ಕರ್ರ್’ ಸದ್ದು ಬರುತ್ತೆ. ಬ್ಯಾಟರಿ, ಕೇಬಲ್, ಬ್ರಷ್ ಕೆಟ್ಟಿದ್ದರೆ ಎಂಜಿನ್ ತಿಣುಕಾಡಿಕೊಂಡು ನಿಧಾನಕ್ಕೆ ತಿರುಗುತ್ತೆ.

ಇಷ್ಟು ಗೊತ್ತಿದ್ದೂ, ಅಂಗಡಿಯವನು “ಆರ್ಮೇಚರ್ ಸುಟ್ಟಿದೆ ಸಾರ್, ಫೀಲ್ಡ್ ಕಾಯಿಲೂ ವೀಕು, ರಿವೈಂಡ್ ಮಾಡ್ಲೇಬೇಕು” ಅಂದಾಗ ಒಪ್ಪಿಬಿಟ್ಟೆ. ಸುಟ್ಟ ಆರ್ಮೇಚರ್ ಅಷ್ಟು ಜೋರಾಗಿ ಸುತ್ತುತ್ತಾ? ಆ ಮಾತು ಆಗ ಬಾಯಿಗೆ ಬರಲಿಲ್ಲ. ನಾಚಿಕೆ ಅದಕ್ಕೇ.

ಡೆಲಿವರಿ ದಿನ ಮೋಟರನ್ನು ವೈಸ್‌ಗೆ ಕಚ್ಚಿಸಿ ಬ್ಯಾಟರಿ ಕೊಟ್ಟ. “ನೋಡಿ, ಬುಗುರಿ ಥರ!” ಪಿನಿಯನ್ ಬುಗುರಿ ಥರಾನೇ ತಿರುಗಿತು. ದುಡ್ಡು ಎಣಿಸಿ ಕೊಟ್ಟೆ. ಮೋಸ ಆಗಿದ್ದು ಆ ಕ್ಷಣದಲ್ಲೇ. ಲೋಡ್ ಇಲ್ಲದಿದ್ದರೆ ಪೂರ್ತಿ ಸವೆದ ಕ್ಲಚ್ಚೂ ಹಾಗೇ ತಿರುಗುತ್ತೆ! ಆ ಟೆಸ್ಟಿನಿಂದ ಕ್ಲಚ್ ಬಗ್ಗೆ ಏನೂ ತಿಳಿಯಲ್ಲ, ಏನೂ.

ಮೂರನೇ ದಿನ ಬೆಳಿಗ್ಗೆ ಮತ್ತೆ ‘ಗುಂಯ್’. ಬ್ಯಾಟರಿಗೆ ಮೀಟರ್ ಇಟ್ಟರೆ, ಮೋಟರ್ ಸುತ್ತುವಾಗಲೂ 11.8 ವೋಲ್ಟ್. ನಿಜವಾಗಿ ಡೀಸೆಲ್ ಎಂಜಿನ್ ತಿರುಗಿಸುತ್ತಿದ್ದರೆ 10ರ ಆಸುಪಾಸಿಗೆ ಇಳಿಯಬೇಕಿತ್ತು. ಲೋಡೇ ಬೀಳುತ್ತಿಲ್ಲ. ಬಿಚ್ಚಿ ನೋಡಿದೆ. ಬಿಲ್ಲಿನಲ್ಲಿ ‘ಹೊಸ ಬೆಂಡಿಕ್ಸ್’. ಕೈಯಲ್ಲಿರುವುದು ಹಳೇದು, ಮೇಲೆ ಸಿಲ್ವರ್ ಪೇಂಟ್. ಪೇಂಟ್ ಅಡಿಯಲ್ಲಿ ಗೀರುಗಳು ಹಾಗೇ ಇವೆ, ಪಿನಿಯನ್ ಹಲ್ಲಿನ ತುದಿ ಸವೆದಿದೆ. ಶೆಲ್ ಕತ್ತರಿಸಿದರೆ ಒಳಗೆ ಗ್ರೀಸ್ ಇಲ್ಲ, ಪೆಟ್ರೋಲಿನಲ್ಲಿ ತೊಳೆದಿದ್ದಾರೆ. ಕ್ಲಚ್ಚನ್ನು ಯಾವತ್ತೂ ಪೆಟ್ರೋಲ್, ಡೀಸೆಲಿನಲ್ಲಿ ಅದ್ದಬಾರದು, ಒಳಗೆ ತುಂಬಿರುವ ಗ್ರೀಸ್ ಕರಗಿ ಹೋಗುತ್ತೆ. ತೊಳೆದ ಮೇಲೆ ಒಂದೆರಡು ದಿನ ಕಚ್ಚುತ್ತೆ, ಆಮೇಲೆ ಮೊದಲಿಗಿಂತ ಕೆಡುತ್ತೆ. ರೋಲರ್‌ಗಳು ಕ್ಲಚ್ಚಿನೊಳಗೆ ಒಂದು ಕಡೆ ಅಗಲ, ಇನ್ನೊಂದು ಕಡೆ ಇಕ್ಕಟ್ಟಾದ ಗೂಡಿನಲ್ಲಿರುತ್ತವೆ. ಸ್ಪ್ರಿಂಗ್ ಅವನ್ನು ಇಕ್ಕಟ್ಟಿನ ಕಡೆ ತಳ್ಳಿದರೇನೇ ಕಚ್ಚೋದು. ಇಲ್ಲಿ ರೋಲರ್‌ಗಳು ಒಂದು ಬದಿ ಚಪ್ಪಟೆಯಾಗಿ ಸವೆದಿದ್ದವು, ಒಂದು ಸ್ಪ್ರಿಂಗ್ ಮುರಿದಿತ್ತು.

ಫೋನ್ ಮಾಡಿದೆ. “ನಿಮ್ಮ ಬ್ಯಾಟರಿ ಡೌನ್ ಇರ್ಬೇಕು.” ವೋಲ್ಟೇಜ್ ಹೇಳಿದೆ. “ಎಲೆಕ್ಟ್ರಿಕಲ್ ಐಟಮ್ಮಿಗೆ ಗ್ಯಾರಂಟಿ ಇಲ್ಲ ಸಾರ್.” ಆರ್ಮೇಚರಿನಿಂದ ಬಿಚ್ಚಿದ ಸುಟ್ಟ ತಂತಿ ಎಲ್ಲಿ? “ಸ್ಕ್ರ್ಯಾಪಿಗೆ ಹಾಕಿದ್ವಿ.” ಪೇಂಟ್ ಹೊಡೆದಿದ್ದೀರಲ್ಲ? ಫೋನ್ ಕಟ್. ಆಮೇಲೆ ಎತ್ತಲೇ ಇಲ್ಲ.

ಕೊನೆಗೆ ಹಳೇ ಕ್ಲಚ್ ಹಿಡಿದು ಬೆಂಗಳೂರಿನ ಜೆ.ಸಿ. ರೋಡಿಗೆ (ಗಾಡಿ ಬಿಡಿಭಾಗದ ಅಂಗಡಿಗಳ ಬೀದಿ) ಹೋಗಿ ಹೊಸದು ತಂದಿದ್ದಾಯಿತು. ನೀವೂ ಪಾರ್ಟ್ ಕೈಯಲ್ಲಿಟ್ಟುಕೊಂಡೇ ಹೋಗಿ. ಪಿನಿಯನ್ ಹಲ್ಲು, ಒಳಗಿನ ಸ್ಪ್ಲೈನ್ (ಶಾಫ್ಟಿಗೆ ಕೂರೋ ಹಲ್ಲುಸಾಲು), ಒಟ್ಟು ಉದ್ದ, ತಿರುಗುವ ದಿಕ್ಕು, ನಾಲ್ಕೂ ಹೊಂದಬೇಕು. ದಿಕ್ಕು ತಪ್ಪಿದರೆ ಹೊಸ ಕ್ಲಚ್ಚೂ ಜಾರುತ್ತೆ. ಕೈಯಲ್ಲಿ ತಿರುಗಿಸಿ ‘ಲಾಕ್ ಆಗ್ತಿದೆ’ ಅಂತ ತೋರಿಸಿದರೆ ನಂಬಬೇಡಿ. ಪಿನಿಯನ್ನನ್ನು ಮರದ ತುಂಡಿನ ನಡುವೆ ವೈಸ್‌ಗೆ ಹಾಕಿಸಿ, ಇನ್ನೊಂದು ತುದಿಯನ್ನು ಸ್ಪ್ಲೈನ್ ಶಾಫ್ಟ್ ಹಾಕಿ ಮೋಟರ್ ತಿರುಗುವ ದಿಕ್ಕಿಗೆ ಬಲವಾಗಿ ತಿರುಗಿಸಿ ನೋಡಿ, ಜಾರಬಾರದು. ಸ್ಟಾರ್ಟರ್ ಹೊರಗಿರುವಾಗಲೇ ರಿಂಗ್ ಗೇರನ್ನೂ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ. ಮೂರು ಸಿಲಿಂಡರಿನ ಎಂಜಿನ್ ಹೆಚ್ಚುಕಮ್ಮಿ ಮೂರೇ ಜಾಗದಲ್ಲಿ ನಿಲ್ಲುತ್ತೆ, ಹಲ್ಲು ಸವೆಯೋದೂ ಅಲ್ಲೇ.

ರಿಪೇರಿಗೆ ಕೊಡುವ ಮೊದಲು ಆರ್ಮೇಚರ್, ಕ್ಲಚ್ ಎರಡಕ್ಕೂ ಪಂಚ್‌ನಲ್ಲಿ ಗುರುತು ಹೊಡೆದು ಫೋಟೋ ತೆಗೆದುಕೊಳ್ಳಿ. ಹಳೇ ಪಾರ್ಟ್ ಕೈಗೆ ಬರುವವರೆಗೆ ದುಡ್ಡು ಬಿಚ್ಚಬೇಡಿ.