ಬಾಕಾಹು: ಅರ್ಧ ಕಿಲೊ ಹುಡಿ, ಜೊತೆಗೊಂದು ವಾಟ್ಸಾಪ್ ಅಡುಗೆಮನೆ

ಪೊಟ್ಟಣದ ಮೇಲೆ ಇದ್ದದ್ದು ಮೂರೇ ಸಾಲು: ಬಾಳೆಕಾಯಿ ಹುಡಿ, ತೂಕ 500 ಗ್ರಾಂ, ತಯಾರಿಸಿದ ದಿನಾಂಕ. ಇದರಿಂದ ಏನು ಮಾಡಬೇಕು, ಹೇಗೆ ಮಾಡಬೇಕು ಎಂಬುದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಅದರ ಬದಲಿಗೆ, ಶಿರಸಿ ಕಡೆಯ ಆ ತಯಾರಕಿ ಪೊಟ್ಟಣವನ್ನು ಅಂಚೆಗೆ ಹಾಕಿದ ದಿನವೇ ನನ್ನನ್ನು ತಮ್ಮ ವಾಟ್ಸಾಪ್ ಗುಂಪಿಗೆ ಸೇರಿಸಿಕೊಂಡಿದ್ದರು. ಮೂರು ತಿಂಗಳಲ್ಲಿ ಎರಡು ಕಿಲೊ ಹುಡಿ ಮುಗಿಸಿದ ಮೇಲೆ ಈ ಎರಡನ್ನೂ ಬೇರೆ ಬೇರೆಯಾಗಿ ತೂಗಿ ನೋಡುವುದು ನನಗೆ ಸಾಧ್ಯವಾಗದ ಕಾರಣ, ಈ ವಿಮರ್ಶೆ ಹುಡಿಗೆ ಎಷ್ಟು ಸಲ್ಲುತ್ತದೆಯೋ ಆ ಗುಂಪಿಗೂ ಅಷ್ಟೇ ಸಲ್ಲುತ್ತದೆ.

ಬಾಳೆ, ಕಾಯಿ, ಹುಡಿ ಎಂಬ ಪದಗಳ ಮೊದಲಕ್ಷರಗಳು ಸೇರಿ 'ಬಾಕಾಹು' ಆಗಿದೆ. ನಮ್ಮ ಮೈಸೂರು ಸೀಮೆಯಲ್ಲಿ ಹುಟ್ಟಿದ್ದರೆ ಅದು 'ಬಾಕಾಪು' ಆಗಿಬಿಡುತ್ತಿತ್ತು. ಕರಾವಳಿಯ 'ಹುಡಿ' ಹೆಸರನ್ನು ಕಾಪಾಡಿದೆ. 2021ರ ಲಾಕ್‌ಡೌನ್ ದಿನಗಳಲ್ಲಿ ಬಾಳೆಗೊನೆಯನ್ನು ಕೇಳುವವರಿಲ್ಲದೆ ದರ ನೆಲಕಚ್ಚಿದಾಗ, ಮಾರಲಾಗದ ಕಾಯಿಯನ್ನು ಮನೆಯಲ್ಲೇ ಹುಡಿ ಮಾಡಿಟ್ಟುಕೊಳ್ಳುವ ದಾರಿಯನ್ನು ಕೃಷಿ ಮಾಸಿಕ 'ಅಡಿಕೆ ಪತ್ರಿಕೆ'ಯ ಶ್ರೀ ಪಡ್ರೆಯವರು ಬೆಳೆಗಾರರ ಮುಂದಿಟ್ಟರು. ವಿದ್ಯೆ ತೀರಾ ಹೊಸದೇನಲ್ಲ. ಕೇರಳದಲ್ಲಿ ಹಸುಗೂಸುಗಳಿಗೆ ಬಾಳೆಕಾಯಿ ಹುಡಿಯ ಸರಿ ತಿನ್ನಿಸುವ ರೂಢಿ ಹಿಂದಿನಿಂದಲೂ ಇದೆ. ಹೊಸದಾಗಿದ್ದದ್ದು ಅದು ಹಬ್ಬಿದ ಬಗೆ. ಯಾರೂ ಯಾರ ಮನೆಗೂ ಹೋಗುವಂತಿರದ ಆ ದಿನಗಳಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡದ ಗೃಹಿಣಿಯರು ತಾವು ಎರೆದ ದೋಸೆಯ, ಕರಿದ ಜಾಮೂನಿನ ಚಿತ್ರಗಳನ್ನು ಫೋನಿನಲ್ಲಿ ಹಂಚಿಕೊಂಡರು. ಅದನ್ನು ನೋಡಿ ಇನ್ನೊಬ್ಬರು ಒಲೆ ಹಚ್ಚಿದರು. ಅದೇ ವರ್ಷ ಜುಲೈ 25ರ 'ಮನದ ಮಾತು' ಬಾನುಲಿ ಭಾಷಣದಲ್ಲಿ ಪ್ರಧಾನಿಯವರು ಈ ಮಹಿಳೆಯರನ್ನು ಪ್ರಸ್ತಾಪಿಸಿದಾಗಲೂ ಅವರು ಹೇಳಿದ್ದು ಹುಡಿಯ ಮಾತಿನ ಜೊತೆಗೆ, ಸಾಮಾಜಿಕ ಜಾಲತಾಣದಲ್ಲಿ ಹಂಚಿದ ಆ ಚಿತ್ರಗಳ ಮಾತನ್ನೇ. ಆಗ ಒಂದು ವಾಟ್ಸಾಪ್ ಗುಂಪಿಗೆ 256 ಜನರ ಮಿತಿಯಿತ್ತು, ಈಗ ಅದು 1024ಕ್ಕೆ ಏರಿದೆ. ನಾನು ಸೇರಿದ ಗುಂಪಿನಲ್ಲಿ ನೂರೈವತ್ತರ ಆಸುಪಾಸು ಜನರಿದ್ದಾರೆ, ನನ್ನ ಮಟ್ಟಿಗೆ ಅದೇ ಸರಿಯಾದ ಅಳತೆ.

ಇನ್ನು ಹುಡಿಯ ವಿಚಾರ. ಬಣ್ಣ ಮಾಸಲು ಬಿಳಿ. ಸಿಪ್ಪೆ ಸಮೇತ ಮಾಡಿದ್ದಾದರೆ ಇನ್ನಷ್ಟು ಕಂದು. ಕಾಯಿಯನ್ನು ಹೆಚ್ಚಿ, ಕಪ್ಪಾಗದಿರಲೆಂದು ಉಪ್ಪು ಬೆರೆಸಿದ ಗಂಜಿತಿಳಿಯಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ, ಬೆರಳಲ್ಲಿ ಹಿಡಿದರೆ ಲಟಕ್ಕನೆ ಮುರಿಯುವಷ್ಟು ಒಣಗಿಸಿ, ಗಿರಣಿಯಲ್ಲಿ ಬೀಸಿಸಿದ್ದಾಗಿ ತಯಾರಕಿ ತಿಳಿಸಿದರು. ಡಬ್ಬಿಯ ಮುಚ್ಚಳ ತೆಗೆದರೆ ಒಣಹುಲ್ಲಿನಂಥ ನಸುವಾಸನೆ ಬರುತ್ತದೆ, ಬೆಂದ ಮೇಲೆ ಅದು ಉಳಿಯುವುದಿಲ್ಲ. ಹಣ್ಣಿನ ಸಿಹಿಯನ್ನು ನಿರೀಕ್ಷಿಸಿದವರಿಗೆ ನಿರಾಸೆಯಾದೀತು; ಇದು ಅಕ್ಕಿಹಿಟ್ಟು, ಜೋಳದ ಹಿಟ್ಟುಗಳ ಸಾಲಿನಲ್ಲಿ ಕೂರುವ, ತನ್ನದೇ ರುಚಿಯನ್ನು ಅಷ್ಟಾಗಿ ಮುಂದೊಡ್ಡದ ಹಿಟ್ಟು.

ಆದರೆ ಅಕ್ಕಿಹಿಟ್ಟಿನಂತೆ ಇದು ಹೇಳಿದ ಮಾತು ಕೇಳುವುದಿಲ್ಲ. ಮೊದಲ ದಿನ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ತಟ್ಟಿದ ರೊಟ್ಟಿ ಅಂಚಿನಿಂದ ನಡುವಿನವರೆಗೆ ಸೀಳಿ, ಕಾವಲಿಯ ಮೇಲೆ ನಾಲ್ಕು ತುಂಡಾಯಿತು. ಬಣ್ಣವೂ ಕಪ್ಪಿಟ್ಟಿತು. ಅದರ ಚಿತ್ರವನ್ನು ಸಂಕೋಚದಿಂದಲೇ ಗುಂಪಿಗೆ ಹಾಕಿದೆ. ಹತ್ತು ನಿಮಿಷದೊಳಗೆ ಸಾಗರದ ಕಡೆಯ ಹಿರಿಯರೊಬ್ಬರಿಂದ ಒಂದು ಧ್ವನಿಸಂದೇಶ ಬಂತು. ಹಿನ್ನೆಲೆಯಲ್ಲಿ ಕುಕ್ಕರು ಕೂಗುತ್ತಿತ್ತು. "ನೀರು ಕೊತಕೊತ ಕುದೀಬೇಕು ತಂಗಿ, ಬೆಚ್ಚಗಾದ್ರೆ ಸಾಲೂದಿಲ್ಲ. ಹುಡಿ ಸುರಿದು, ಸೌಟಲ್ಲಿ ಒಂದು ಸಲ ತಿರುವಿ ಮುಚ್ಚಿಡು. ಗಡಿಬಿಡಿಲಿ ಕೈ ಹಾಕ್ಬೇಡ. ಒಂದ್ ಸೌಟು ಮಜ್ಜಿಗೆ ಹಾಕಿದ್ರೆ ಕಪ್ಪೂ ಆಗೂದಿಲ್ಲ." ಗೋಧಿಯಲ್ಲಿರುವಂಥ ಅಂಟು ಬಾಳೆಕಾಯಿಯಲ್ಲಿ ಇಲ್ಲದಿರುವುದರಿಂದ, ಕುದಿನೀರಿನಲ್ಲಿ ಅದರ ಪಿಷ್ಟ ಅರೆಬೆಂದರೆ ಮಾತ್ರ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ ಎಂಬ ಕಾರಣ ನನಗೆ ಆಮೇಲೆ ಹೊಳೆಯಿತು. ಮರುದಿನದ ರೊಟ್ಟಿ ಒಡೆಯಲಿಲ್ಲ. ಸಂಜೆಯ ಹೊತ್ತಿಗೆ ಗುಂಪಿನಲ್ಲಿ ಇನ್ನಿಬ್ಬರು ತಮ್ಮ ಒಡೆದ ರೊಟ್ಟಿಗಳನ್ನೂ ಹೊರಗೆಡಹಿದ್ದರು, ಅದರಲ್ಲಿ ಒಬ್ಬರು ವರ್ಷದಿಂದ ಹುಡಿ ಬಳಸುತ್ತಿರುವವರು.

ದೋಸೆಗೆ ನೆನೆಸಿ ರುಬ್ಬಿದ ಅಕ್ಕಿ, ಉದ್ದಿನ ಹಿಟ್ಟಿಗೆ ಕಾಲು ಭಾಗ ಹುಡಿ ಸೇರಿಸಿದರೆ ಅಂಚು ಗರಿಗರಿಯಾಗಿ ಏಳುತ್ತದೆ. ಹುಡಿ ನೀರನ್ನು ಬಹಳ ಹೀರುವುದರಿಂದ, ಕಲಸಿದ ಹತ್ತು ನಿಮಿಷಕ್ಕೆ ಹಿಟ್ಟು ಗಟ್ಟಿಯಾಗಿ ಮತ್ತೆ ನೀರು ಕೇಳುತ್ತದೆ ಎಂಬುದನ್ನು ಮರೆಯಬಾರದು. ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿದ ತಾಳಿಪಿಟ್ಟು ಎಲ್ಲಕ್ಕಿಂತ ಚೆನ್ನಾಗಿ ಬಂತು. ಜಾಮೂನು ಬರಿಯ ಹುಡಿಯಲ್ಲಿ ಕಲ್ಲಾಯಿತು, ಹಾಲಿನ ಪುಡಿ ಸಮಪಾಲು ಸೇರಿಸಿದಾಗ ತಿನ್ನುವಂತಾಯಿತು. ಚಪಾತಿಯ ಮಾತು ಬೇಡ.

ಗುಂಪಿನ ಬಗ್ಗೆ ನನಗೆ ತಕರಾರಿಲ್ಲವೆಂದಲ್ಲ. ಅಲ್ಲಿ ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟಕ್ಕೆ ಸಿಗುವ ಉತ್ತರ 'ಹದ ನೋಡಿ ಹಾಕಿ' ಎಂಬುದು, ಹದ ಗೊತ್ತಿದ್ದವರು ಕೇಳುವುದಾದರೂ ಏಕೆ? ಲೋಟ ಎಂದರೆ ಯಾವ ಲೋಟ ಎಂದು ಕೇಳಿದವರಿಗೆ ತಮ್ಮ ಮನೆಯ ಲೋಟದ ಚಿತ್ರ ಕಳುಹಿಸಿದವರೂ ಇದ್ದಾರೆ, ಅದನ್ನು ನಾನು ಮೆಚ್ಚಿಕೊಂಡೆ. ಇದಕ್ಕಿಂತ ಗಂಭೀರವಾದದ್ದು ಆರೋಗ್ಯದ ಕುರಿತ ಉತ್ಸಾಹ. ಹಸಿ ಬಾಳೆಕಾಯಿಯಲ್ಲಿ ಬೇಗ ಜೀರ್ಣವಾಗದ 'ರೆಸಿಸ್ಟೆಂಟ್ ಸ್ಟಾರ್ಚ್' ಧಾರಾಳವಾಗಿದೆ ಎಂಬುದು ನಿಜ. ಆದರೆ ಬೇಯಿಸಿದಾಗ ಅದರ ಪ್ರಮಾಣ ತಗ್ಗುತ್ತದೆ ಎಂಬುದೂ ಅಷ್ಟೇ ನಿಜವಾಗಿರುವಾಗ, ಸಕ್ಕರೆ ಕಾಯಿಲೆಯವರು ಎಷ್ಟಾದರೂ ತಿನ್ನಬಹುದು ಎಂಬ ಸಂದೇಶ ವಾರಕ್ಕೊಮ್ಮೆ ಸುತ್ತಿಕೊಂಡು ಬರುವುದನ್ನು ಗುಂಪು ನಡೆಸುವವರು ತಡೆಯಬೇಕಿತ್ತು. ಹಾಗೆಯೇ, ಎಲ್ಲ ಒಳ್ಳೆಯ ಸಲಹೆಗಳೂ ಧ್ವನಿಸಂದೇಶಗಳಲ್ಲಿ ಹುದುಗಿರುವುದರಿಂದ ಹುಡುಕಿ ತೆಗೆಯುವುದು ಕಷ್ಟ. ಸಾಗರದ ಆ ಸಂದೇಶವನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.

ನಡುವೆ ಒಮ್ಮೆ, ಗುಂಪಿನ ತಂಟೆ ಬೇಡವೆಂದು ಬೆಂಗಳೂರಿನ ಅಂಗಡಿಯೊಂದರಿಂದ ಚೆಂದದ ಡಬ್ಬಿಯಲ್ಲಿದ್ದ ಬಾಳೆಕಾಯಿ ಹಿಟ್ಟನ್ನು ತಂದೆ. ಬೆಲೆ ಹೆಚ್ಚುಕಡಿಮೆ ದುಪ್ಪಟ್ಟು, ತೆರೆದರೆ ಮುಗ್ಗಲು ವಾಸನೆ, ದೂರಲು ಅಲ್ಲಿ ಯಾರೂ ಸಿಗಲಿಲ್ಲ. ಶಿರಸಿಯ ಹುಡಿಗೆ ಅಂಚೆ ವೆಚ್ಚ ಬಿಟ್ಟು ಅರ್ಧ ಕಿಲೊಗೆ 130 ರೂಪಾಯಿ ಕೊಟ್ಟಿದ್ದೇನೆ. ದುಬಾರಿ ಎನಿಸಿದ್ದರಿಂದ ಒಮ್ಮೆ ನಾನೇ ಐದು ಕಿಲೊ ಕಾಯಿ ತಂದು, ತಾರಸಿಯಲ್ಲಿ ಒಣಹಾಕಿ, ಮೂರು ದಿನ ಕಾಗೆ ಕಾದು ನೋಡಿದೆ. ಕೊನೆಗೆ ದಕ್ಕಿದ್ದು ಒಂದು ಕಿಲೊ ಚಿಲ್ಲರೆ ಹುಡಿ, ಕೈತುಂಬ ಬಾಳೆಕಾಯಿಯ ಕಲೆ. ಆಮೇಲೆ ಬೆಲೆಯ ಮಾತೆತ್ತಲಿಲ್ಲ.

ತರಿಸುವವರು ಒಮ್ಮೆಗೆ ಅರ್ಧ ಕಿಲೊಗಿಂತ ಹೆಚ್ಚು ತರಿಸಬೇಡಿ. ಮಳೆಗಾಲದಲ್ಲಿ ತೇವ ಎಳೆದುಕೊಂಡು ಗಂಟಾಗುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಉಳಿಯುತ್ತದೆ. ತಯಾರಿಸಿದ ದಿನಾಂಕ ನೋಡಿ, ಸಿಪ್ಪೆ ಸಮೇತವೋ ಅಲ್ಲವೋ ಎಂದು ಕೇಳಿ. ಗುಂಪಿಗೆ ಸೇರಿಸಲೇ ಎಂದು ಮಾರುವವರು ಕೇಳಿದರೆ ಒಪ್ಪಿಕೊಳ್ಳಿ, ಆದರೆ ಬೆಳಗಿನ ಶುಭೋದಯಗಳಿಗೆ ಹೆದರುವವರು ಮೊದಲ ದಿನವೇ ಅದರ ಸದ್ದು ಆರಿಸಿಡಿ.